‘ಎಲ್ಲ ಸರಿ ಇದೆ’ ಎನ್ನುವ ರಿಜಿಸ್ಟರು

ನಾಯಕತ್ವದ ಬಗ್ಗೆ ಮುಂಬಯಿ, ಠಾಣೆ, ಪುಣೆಗಳಿಂದ ನನಗೆ ಬರುವ ಪತ್ರಗಳಲ್ಲಿ ಬಹುಪಾಲು ‘ಕೈಕೆಳಗಿನವರು ನನ್ನ ಮಾತು ಕೇಳುವಂತೆ ಮಾಡುವುದು ಹೇಗೆ?’ ಎಂಬ ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಅದಕ್ಕೆ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಈ ಬಾರಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ. ಸಮಯಪಾಲನೆ, ಪ್ರಾಮಾಣಿಕತೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಮುಂತಾದವುಗಳನ್ನು ಇಲ್ಲಿ ವಿವರಿಸುವುದಿಲ್ಲ. ಸಂಬಳವನ್ನು ಹೇಳಿದ ದಿನಕ್ಕೆ ಕೊಡಬೇಕೆಂಬುದನ್ನೂ ಇನ್ನೊಬ್ಬರಿಂದ ಹೇಳಿಸಿಕೊಳ್ಳಬೇಕಾದ ಮಾಲೀಕರು ಓದಬೇಕಾದದ್ದು ಕಾರ್ಮಿಕ ಕಾಯಿದೆಯನ್ನು, ನನ್ನ ಅಂಕಣವನ್ನಲ್ಲ.

ಪ್ರಶ್ನೆ: ಯಶಸ್ವಿ ನಾಯಕರೆಲ್ಲರೂ ಬೆಳಿಗ್ಗೆ ಐದಕ್ಕೆ ಏಳುತ್ತಾರಂತೆ. ನನಗೆ ಆಗುತ್ತಿಲ್ಲ. ಏನು ಮಾಡಲಿ? (ಚೆಂಬೂರು)

ಮಲಗಿರಿ. ಮಾಟುಂಗದ ಹೋಟೆಲುಗಳ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುವವರು ಅದಕ್ಕೂ ಮೊದಲೇ ಎದ್ದಿರುತ್ತಾರೆ, ಅವರನ್ನು ಯಾರೂ ಆ ಕಾರಣಕ್ಕಾಗಿ ನಾಯಕರೆಂದು ಕರೆದಿಲ್ಲ. ನಿದ್ದೆಗೆಟ್ಟು ಸಿಡುಕುವ ಮೇಲಧಿಕಾರಿಗಿಂತ ಎಂಟಕ್ಕೆ ಎದ್ದು ನೆಟ್ಟಗೆ ಮಾತನಾಡುವವರು ಎಲ್ಲರಿಗೂ ವಾಸಿ.

ಪ್ರಶ್ನೆ: ಠಾಣೆಯಲ್ಲಿ ಎರಡು, ಡೊಂಬಿವಲಿಯಲ್ಲಿ ಒಂದು ಹೋಟೆಲು ನಡೆಸುತ್ತಿದ್ದೇನೆ. ಕಳೆದ ಮೇ ತಿಂಗಳಲ್ಲಿ ಡೊಂಬಿವಲಿಯ ಕೋಲ್ಡ್ ರೂಮಿನ ಕಂಪ್ರೆಸರ್ ಮೂರು ದಿನಗಳಿಂದ ಕೈಕೊಡುತ್ತಿದ್ದರೂ ಯಾರೂ ನನಗೆ ತಿಳಿಸಲಿಲ್ಲ. ಗಿರಾಕಿಯೊಬ್ಬರು ಪನೀರ್ ಹುಳಿಯಾಗಿದೆಯೆಂದು ತಟ್ಟೆ ಹಿಂದಿರುಗಿಸಿದಾಗಲೇ ಗೊತ್ತಾದದ್ದು. ರಿಜಿಸ್ಟರಿನಲ್ಲಿ ಎಲ್ಲವೂ ಸರಿಯಾಗಿಯೇ ಇದೆ, ಫೋಟೋ ಕಳುಹಿಸಿದ್ದೇನೆ. ನಾನು ಕ್ಲೀನರ್ ಆಗಿ ಊರಿಂದ ಬಂದು, ರಾತ್ರಿ ಶಾಲೆಯಲ್ಲಿ ಕಲಿತು, ಬೈಗುಳ ತಿಂದೇ ಮೇಲೆ ಬಂದವನು. ಈಗಿನವರಿಗೆ ಜವಾಬ್ದಾರಿಯೇ ಇಲ್ಲ. ಇವರು ಮಾತು ಕೇಳುವಂಥ ನಾಯಕನಾಗಲು ಯಾವ ಅಭ್ಯಾಸಗಳನ್ನು ಬೆಳೆಸಿಕೊಳ್ಳಬೇಕು?

ಅವರು ನಿಮ್ಮ ಮಾತು ಕೇಳುತ್ತಿಲ್ಲ ಎಂಬುದು ನಿಮ್ಮ ದೂರು. ನಿಮ್ಮ ಪತ್ರದಲ್ಲಿರುವ ಪುರಾವೆಯೋ ಅವರು ನಿಮ್ಮ ಮಾತನ್ನು ಅತಿಯಾಗಿ ಕೇಳಿದ್ದಾರೆಂದೇ ಹೇಳುತ್ತದೆ. ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ದಿನಕ್ಕೆರಡು ಬಾರಿ ಉಷ್ಣಾಂಶ ಬರೆಯಬೇಕಾದ ಆ ಹಾಳೆಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಪ್ರತಿಯೊಂದು ಚೌಕದಲ್ಲೂ 4 ಎಂದೇ ಬರೆದಿದೆ. ಒಂದೇ ನೀಲಿ ಶಾಯಿ, ಅಕ್ಷರಕ್ಕೆ ಒಂದೇ ಓರೆ, ಸಹಿಗಳೂ ಮೇಲಿಂದ ಕೆಳಗೆ ಒಂದೇ ಉಸಿರಿನಲ್ಲಿ ಎಳೆದಂತಿವೆ. ದಿನವಿಡೀ ಬಾಗಿಲು ತೆರೆದು ಮುಚ್ಚುತ್ತಿರುವ ಕೋಲ್ಡ್ ರೂಮು ಮೇ ತಿಂಗಳ ಡೊಂಬಿವಲಿಯಲ್ಲಿ ವಾರಪೂರ್ತಿ 4 ಡಿಗ್ರಿಯಲ್ಲೇ ನಿಲ್ಲುವುದಿಲ್ಲ, ಕಂಪ್ರೆಸರ್ ಹೊಚ್ಚ ಹೊಸದಾಗಿದ್ದರೂ ನಿಲ್ಲುವುದಿಲ್ಲ. ಅದನ್ನು ತುಂಬಿದವನಿಗೆ ಉಷ್ಣಾಂಶ 5 ಡಿಗ್ರಿಯನ್ನು ದಾಟಬಾರದೆಂಬುದು ಚೆನ್ನಾಗಿ ಗೊತ್ತಿದೆ. ದಾಟಿದೆಯೆಂದು ಬರೆದರೆ ಗಲ್ಲಾದ ಮುಂದೆ, ಗಿರಾಕಿಗಳೆದುರಿಗೆ, ಯಾರ ಮಾನ ಹೋಗುತ್ತದೆ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿದೆ. ನೀವು ಶಿಸ್ತಿನ ಸಾಕ್ಷಿಯೆಂದು ಕಳುಹಿಸಿದ ಹಾಳೆ ಭಯದ ಸಾಕ್ಷಿ.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ದಾದಿಯರ ತಂಡಗಳನ್ನು ಅಧ್ಯಯನ ಮಾಡಿ 1996ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಳ್ಳೆಯ ಮುಖ್ಯಸ್ಥರಿರುವ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆಯಿರಬೇಕೆಂಬುದು ಯಾರಾದರೂ ಮಾಡುವ ಊಹೆ. ಆದರೆ ಅಂಥ ತಂಡಗಳಲ್ಲೇ ತಪ್ಪುಗಳ ಲೆಕ್ಕ ಹೆಚ್ಚಿಗೆ ಸಿಕ್ಕಿತು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ, ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು ಎಂಬುದು ಎಡ್ಮಂಡ್‌ಸನ್ ಕೊಟ್ಟ ವಿವರಣೆ. ಉಳಿದ ಕಡೆಗಳಲ್ಲಿ ತಪ್ಪುಗಳು ಹಾಳೆಗೆ ಬರದೆ ರೋಗಿಯ ಹಾಸಿಗೆಯ ಬಳಿಯೇ ಉಳಿಯುತ್ತಿದ್ದವು. ಆದ್ದರಿಂದಲೇ ಹೊಸ ಕಾರ್ಖಾನೆಗೆ ಸಲಹೆಗಾರನಾಗಿ ಹೋದಾಗ ನಾನು ಮೊದಲು ನೋಡುವುದು ದೂರುಗಳಿಲ್ಲದ ವಿಭಾಗವನ್ನು.

ಇದು ಕೇವಲ ಪನೀರಿನ ವಿಷಯ ಎಂದುಕೊಳ್ಳಬೇಡಿ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊ ಜೆಟ್‌ಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಒಂದು ವಿಮಾನ ಮೇಲೇರಲು ಓಡತೊಡಗಿದಾಗ, ಇನ್ನೊಂದು ವಿಮಾನ ರನ್‌ವೇಯಿಂದ ಸರಿದಿಲ್ಲವೇನೋ ಎಂದು ಓಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿದ್ದ. ಆ ವಿಮಾನ ಸಂಸ್ಥೆಯಲ್ಲೇ ಅತಿ ಹಿರಿಯರಲ್ಲೊಬ್ಬನಾಗಿದ್ದ ಕ್ಯಾಪ್ಟನ್ ಸರಿದಿದೆ ಎಂದು ಒತ್ತಿ ಹೇಳಿದ ಮೇಲೆ ಆತ ಮತ್ತೆ ಬಾಯಿ ತೆರೆಯಲಿಲ್ಲ. ಇಂಥ ಅಪಘಾತಗಳ ಅನುಭವದಿಂದಲೇ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಕಿರಿಯರಿಗೆ ಹೇಳುವುದನ್ನೂ ಕ್ಯಾಪ್ಟನ್‌ಗಳಿಗೆ ಕೇಳುವುದನ್ನೂ ಕಲಿಸುವ ತರಬೇತಿ ಅಲ್ಲಿಂದ ಬೆಳೆಯಿತು. ತರಬೇತಿ ಬಂದ ಮಾತ್ರಕ್ಕೆ ಸ್ವಭಾವ ಬದಲಾಗುವುದಿಲ್ಲ ಎಂಬುದಕ್ಕೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಬದುಕಿದವರು ಎಂಟು ಮಂದಿ. ಮೇಲಕ್ಕೆ ಹೋಗಿ ಇನ್ನೊಂದು ಸುತ್ತು ಬರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರೂ ಕ್ಯಾಪ್ಟನ್ ಇಳಿಸುವುದನ್ನು ಮುಂದುವರಿಸಿದರು ಎಂದು ತನಿಖಾ ವರದಿ ಹೇಳುತ್ತದೆ. ಆ ಸುದ್ದಿ ಬಂದ ಬೆಳಿಗ್ಗೆ ಊರಿಗೆ ಫೋನು ಹಚ್ಚದ ಕರಾವಳಿಯ ಮನೆ ಮುಂಬಯಿಯಲ್ಲಿ ಇತ್ತೇ?

ಈಗ ಅಭ್ಯಾಸಗಳ ಮಾತು. ನಿಮಗೆ ಬೇಕಾದದ್ದು ಕೆಟ್ಟ ಸುದ್ದಿ ನಿಮ್ಮ ಬಳಿಗೆ ಬೇಗ ಬರುವ ದಾರಿ. ಅದನ್ನು ತೆರೆಯುವ ಮತ್ತು ಮುಚ್ಚುವ ಕೀಲಿ ಸುದ್ದಿ ಕೇಳಿದ ಮೊದಲ ಅರ್ಧ ನಿಮಿಷದಲ್ಲಿ ನಿಮ್ಮ ಮುಖದಲ್ಲಿದೆ. ‘ಯಾರು ಮಾಡಿದ್ದು?’ ಎಂಬ ಪ್ರಶ್ನೆ ನಿಮ್ಮ ಬಾಯಿಂದ ಮೊದಲು ಹೊರಟರೆ ಅಲ್ಲಿಗೆ ಮುಗಿಯಿತು. ‘ಯಾವಾಗ ಗೊತ್ತಾಯಿತು, ಒಳಗೆ ಏನೇನು ಇದೆ, ಯಾವುದನ್ನು ತೆಗೆದು ಎಸೆಯಬೇಕು?’ ಎಂದು ಕೇಳಿ. ಯಾರು ಎಂಬುದು ಸಂಜೆ ತಾನಾಗಿ ತಿಳಿಯುತ್ತದೆ, ಹೆಚ್ಚಿನ ಸಲ ಆತನೇ ಹೇಳುತ್ತಾನೆ. ‘ಎಲ್ಲ ಸರಿ ಇದೆಯಾ?’ ಎಂದು ಕೇಳುವುದನ್ನು ಇಂದೇ ನಿಲ್ಲಿಸಿ. ಅದಕ್ಕೆ ‘ಸರಿ ಇದೆ ಅಣ್ಣಾ’ ಎಂಬುದಲ್ಲದೆ ಬೇರೆ ಉತ್ತರ ಈ ನಗರದ ಯಾವ ಹೋಟೆಲಿನಲ್ಲೂ ಇಲ್ಲ. ‘ಇವತ್ತು ಯಾವುದು ಕೈಕೊಡಬಹುದು?’ ಎಂದು ಕೇಳಿದರೆ ಮೊದಲ ವಾರ ಮೌನ ಇರುತ್ತದೆ, ಆಮೇಲೆ ಭಟ್ಟರು ಮಿಕ್ಸಿಯ ವಿಷಯವನ್ನೂ ಕ್ಲೀನರ್ ಹುಡುಗ ಗ್ಯಾಸಿನ ಪೈಪಿನ ವಾಸನೆಯನ್ನೂ ಹೇಳುತ್ತಾರೆ. ಹೇಳಿದವನಿಗೆ, ಅದನ್ನು ಏನು ಮಾಡಿದಿರೆಂದು ಮರುದಿನ ತಿಳಿಸಿ. ಇದನ್ನು ಯಾರೂ ಮಾಡುವುದಿಲ್ಲ. ಹೇಳಿಯೂ ಪ್ರಯೋಜನವಿಲ್ಲವೆಂದು ಜನ ಸುಮ್ಮನಾಗುವುದು ಭಯದಿಂದ ಸುಮ್ಮನಾಗುವುದಕ್ಕಿಂತ ಕಡಿಮೆಯೇನಲ್ಲ.

ನಿಮ್ಮ ಪತ್ರದಲ್ಲಿ ಬರೆಯದಿದ್ದರೂ ನಾನು ಊಹಿಸಬಲ್ಲ ಸಂಗತಿ ಇನ್ನೊಂದಿದೆ. ನೀವು, ನಿಮ್ಮ ಮ್ಯಾನೇಜರು, ಭಟ್ಟರು ತುಳುವಿನಲ್ಲೋ ಕನ್ನಡದಲ್ಲೋ ಮಾತನಾಡಿಕೊಳ್ಳುತ್ತೀರಿ. ಪಾತ್ರೆ ತೊಳೆಯುವವನು, ಸಾಮಾನು ಒಳಗಿಡುವವನು ಉತ್ತರ ಪ್ರದೇಶದವನೋ ನೇಪಾಳದವನೋ ಆಗಿರುತ್ತಾನೆ, ಅವನ ಪಾಲಿಗೆ ಬರುವುದು ಹಿಂದಿಯ ಆಜ್ಞೆ ಮಾತ್ರ. ಕೋಲ್ಡ್ ರೂಮಿನೊಳಗೆ ದಿನಕ್ಕೆ ಎಲ್ಲರಿಗಿಂತ ಹೆಚ್ಚು ಸಲ ಕಾಲಿಡುವವನು ಅವನೇ, ನೆಲದ ಮೇಲೆ ನೀರು ಕಟ್ಟಿದ್ದನ್ನು ಮೊದಲು ಕಂಡವನೂ ಅವನೇ ಇರಬೇಕು. ಅವನು ನಿಮ್ಮೊಡನೆ ನೇರವಾಗಿ ಮಾತನಾಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಿ.

‘ಬೈಗುಳ ತಿಂದೇ ಮೇಲೆ ಬಂದೆ’ ಎಂಬ ಮಾತನ್ನು ನಮ್ಮ ಹೋಟೆಲು ಉದ್ಯಮದ ಹಿರಿಯರಿಂದ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ನೀವು ಮೇಲೆ ಬಂದದ್ದು ಹಗಲೆಲ್ಲ ದುಡಿದು ರಾತ್ರಿ ಪುಸ್ತಕ ಹಿಡಿದದ್ದರಿಂದ, ಜೊತೆಗೆ ಆ ರಾತ್ರಿ ಶಾಲೆಯಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆದ ಮೇಷ್ಟ್ರು ಇದ್ದದ್ದರಿಂದ. ನಿಮ್ಮಷ್ಟೇ ಬೈಗುಳ ತಿಂದು ಊರಿಗೆ ಹಿಂದಿರುಗಿದವರು ಈ ಅಂಕಣಕ್ಕೆ ಪತ್ರ ಬರೆಯುವುದಿಲ್ಲ, ಆದ್ದರಿಂದ ಬೈಗುಳದ ಮಹಿಮೆಯನ್ನು ಹಾಡುವವರ ಧ್ವನಿ ಮಾತ್ರ ನಮಗೆ ಕೇಳಿಸುತ್ತದೆ.

ಹಾಗಾದರೆ ಯಾರನ್ನೂ ಏನೂ ಅನ್ನಬಾರದೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಅನ್ನಬೇಕು. ಕಂಪ್ರೆಸರ್ ಕೆಟ್ಟದ್ದು ಯಾರ ಅಪರಾಧವೂ ಅಲ್ಲ. ಬಾಗಿಲನ್ನು ಸರಿಯಾಗಿ ಮುಚ್ಚಲು ಮರೆತದ್ದು ಕೈತಪ್ಪು, ಅದಕ್ಕೆ ತಿಳಿಹೇಳಿದರೆ ಸಾಕು. ಗೊತ್ತಿದ್ದೂ ಸುಳ್ಳು 4 ಬರೆದದ್ದು ಬೇರೆಯ ವಿಷಯ; ಮುಂದೆ ಹಾಗೆ ಬರೆದರೆ ಕೆಲಸ ಹೋಗುತ್ತದೆ ಎಂದು ಎಲ್ಲರಿಗೂ ಹೇಳಿ, ಆದರೆ ನಿಜವಾದ 9 ಬರೆದವನನ್ನು ಅದಕ್ಕೂ ಮೊದಲು ಎಲ್ಲರೆದುರಿಗೆ ಮೆಚ್ಚಿ. ಕ್ರಮ ತಿರುವುಮುರುವಾದರೆ ಸುಳ್ಳು ಇನ್ನಷ್ಟು ಜಾಣತನದಿಂದ, ಎರಡು ಬಣ್ಣದ ಪೆನ್ನುಗಳಲ್ಲಿ ಬರುತ್ತದೆ. ಬೈಯಲೇಬೇಕಾದಾಗ ಹಿಂದಿನ ಕೋಣೆಗೆ ಕರೆದು, ಒಬ್ಬನನ್ನೇ, ಒಂದೇ ಸಂಗತಿಗೆ.

ಇದಕ್ಕೆಲ್ಲ ಎಷ್ಟು ದಿನ ಬೇಕು? ನಾಯಕತ್ವದ ಶಿಬಿರ ನಡೆಸುವವರು ಹೊಸ ಅಭ್ಯಾಸಕ್ಕೆ 21 ದಿನ ಸಾಕು ಎನ್ನುತ್ತಾರೆ. ಆ ಅಂಕಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ತಮ್ಮ ರೋಗಿಗಳು ಹೊಸ ಮುಖಕ್ಕೆ ಒಗ್ಗಿಕೊಳ್ಳುವುದನ್ನು ನೋಡಿ 1960ರಲ್ಲಿ ಬರೆದದ್ದು, ಅದೂ ‘ಕನಿಷ್ಠ’ ಎಂಬ ಮಾತಿನೊಂದಿಗೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದೊಂದಿಗೆ ಹಣ್ಣು ತಿನ್ನುವಂಥ ಸಣ್ಣ ಅಭ್ಯಾಸಗಳು ಮೈಗೂಡಲೂ ನಡುಮಟ್ಟದಲ್ಲಿ 66 ದಿನ ಬೇಕಾದವು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಇತ್ತು. ಒಂದು ದಿನ ತಪ್ಪಿದರೆ ಹಾನಿಯೇನೂ ಇಲ್ಲವೆಂಬುದೂ ಅದರಲ್ಲೇ ಇದೆ. ನೀವು ಬದಲಿಸಬೇಕಾದದ್ದು ಹಣ್ಣು ತಿನ್ನುವುದಕ್ಕಿಂತ ಕಷ್ಟದ್ದು, ಮತ್ತು ನೀವು ಬದಲಾದಿರೆಂದು ಉಳಿದವರು ನಂಬುವುದು ಅದಕ್ಕಿಂತಲೂ ನಿಧಾನ. ಮೂರೂ ಹೋಟೆಲುಗಳಲ್ಲಿ ಒಟ್ಟಿಗೆ ಹಿಡಿಯಬೇಡಿ, ಡೊಂಬಿವಲಿಯೊಂದರಲ್ಲಿ ಮಾಡಿ ನೋಡಿ.

ಪ್ರಶ್ನೆ: ಒಂಬತ್ತನೆಯ ತರಗತಿಯ ಮಗನ ಹತ್ತೂ ಬೆರಳುಗಳ ಅಚ್ಚು ತೆಗೆದು, ಅವನಲ್ಲಿ ನಾಯಕತ್ವದ ಗುಣ ಎಷ್ಟು ಶೇಕಡಾ ಇದೆಯೆಂದು ವರದಿ ಕೊಡುತ್ತೇವೆಂದು ಒಬ್ಬರು ಬಂದಿದ್ದಾರೆ. ಮಾಡಿಸಲೇ? (ಮುಲುಂಡ್)

ಬೇಡ. ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲೇ ಮೂಡಿ ಖಾಯಂ ಆಗುತ್ತವೆ. ಹುಡುಗ ಮುಂದೆ ಜನರೊಡನೆ ಹೇಗೆ ನಡೆದುಕೊಳ್ಳುತ್ತಾನೆಂದು ಅವು ಹೇಳಲಾರವು. ನಮ್ಮ ಅಜ್ಜಿಯರು ಅಂಗೈ ನೋಡಿ ಹೇಳುತ್ತಿದ್ದುದನ್ನೇ ಇವರು ಕಂಪ್ಯೂಟರಿನಲ್ಲಿ ಮುದ್ರಿಸಿ ಸಾವಿರಾರು ರೂಪಾಯಿ ಕೀಳುತ್ತಿದ್ದಾರೆ, ಅಜ್ಜಿಯರು ಪುಕ್ಕಟೆ ಹೇಳುತ್ತಿದ್ದರು. ಸಹಿಯ ಬಾಲ ಬದಲಿಸಿ ಅಧಿಕಾರ ತರಿಸುವವರಿಗೂ, ಕೆಂಡದ ಮೇಲೆ ನಡೆಸಿ ಧೈರ್ಯ ತುಂಬುವವರಿಗೂ ಇದೇ ಉತ್ತರ.

ಪ್ರಶ್ನೆ: ಸಂವಹನದಲ್ಲಿ ಮಾತಿನ ಪಾಲು ಕೇವಲ ಶೇಕಡಾ 7, ಉಳಿದ 93 ಹಾವಭಾವ ಮತ್ತು ಧ್ವನಿಯದ್ದು ಎಂದು ವಾಶಿಯ ಶಿಬಿರದಲ್ಲಿ ಹೇಳಿದರು. ನಿಜವೇ?

ಆ ಅಂಕಿಯ ಮೂಲ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಅವು ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿ, ಮುಖಭಾವಗಳೊಂದಿಗೆ ಕೊಟ್ಟು, ಹೇಳಿದವರಿಗೆ ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಹೇಳಿದಂಥವು. ಭಾವನೆಗಳ ವಿಷಯಕ್ಕಲ್ಲದೆ ಬೇರೆಲ್ಲಿಗೂ ಈ ಅಂಕಿ ಅನ್ವಯಿಸದೆಂದು ಅವರೇ ಸ್ಪಷ್ಟಪಡಿಸಿದ್ದಾರೆ. ನಿಮ್ಮ ತರಬೇತುದಾರರಿಗೆ ಅದರಲ್ಲಿ ಅಷ್ಟು ನಂಬಿಕೆಯಿದ್ದರೆ ಮುಂದಿನ ಶಿಬಿರವನ್ನು ಬಾಯಿ ತೆರೆಯದೆ ನಡೆಸಿ, ಶುಲ್ಕದ ಶೇಕಡಾ 93ನ್ನು ವಸೂಲು ಮಾಡಲಿ.

ಪ್ರಶ್ನೆ: ಕೊಂಕಣ ರೈಲ್ವೆ ಕಟ್ಟಿದ ಇ. ಶ್ರೀಧರನ್ ಅವರಂತೆ ಕಟ್ಟುನಿಟ್ಟಾಗಿರಬೇಕೆಂದು ಆಸೆ. ನನ್ನ ಸಿಬ್ಬಂದಿ ಇದನ್ನು ಕಿರುಕುಳ ಎನ್ನುತ್ತಾರೆ. (ಮಡಗಾಂವ್)

ಕಟ್ಟುನಿಟ್ಟನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಟ್ಟರೆ ಹಾಗೆಯೇ ಆಗುತ್ತದೆ. 1990ರಲ್ಲಿ ನಿಗಮ ಸ್ಥಾಪನೆಯಾಗಿ 1998ರ ಜನವರಿಯಲ್ಲಿ ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಇಡೀ ಮಾರ್ಗ ತೆರೆಯಿತು. ಶ್ರೀಧರನ್ ಆ ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ನೇಮಿಸಿ, ಸ್ಥಳದಲ್ಲೇ ತೀರ್ಮಾನಿಸುವ ಅಧಿಕಾರ ಕೊಟ್ಟಿದ್ದರು. ಕಚೇರಿಗಳಲ್ಲಿ ಹಿಮ್ಮುಖವಾಗಿ ಎಣಿಸುವ ಗಡಿಯಾರ ತೂಗುಹಾಕಿದ್ದರು. ಇನ್ನೆಷ್ಟು ದಿನ ಉಳಿದಿದೆಯೆಂದು ಅದು ಅಧ್ಯಕ್ಷರಿಗೂ ಗುಮಾಸ್ತನಿಗೂ ಒಂದೇ ಅಂಕಿಯಲ್ಲಿ ತೋರಿಸುತ್ತಿತ್ತು. ನೀವು ಗಡಿಯಾರ ತೂಗುಹಾಕಿದ್ದೀರಿ, ಸ್ಟೇಪ್ಲರ್ ಪಿನ್ನು ಕೊಳ್ಳಲೂ ನಿಮ್ಮ ಸಹಿ ಬೇಕೆಂದು ನೀವೇ ಬರೆದಿದ್ದೀರಿ.

ಪ್ರಶ್ನೆ: ಸಂಘದ ಅಧ್ಯಕ್ಷ ಸ್ಥಾನದಲ್ಲಿ ಬಹಳ ವರ್ಷಗಳಿಂದ ಇದ್ದೇನೆ, ಸಮರ್ಥ ಉತ್ತರಾಧಿಕಾರಿ ಸಿಗುತ್ತಿಲ್ಲ.

ನೀವು ಏಳುವವರೆಗೂ ಸಿಗುವುದಿಲ್ಲ.

ಪ್ರಶ್ನೆ: ಹಿಂಜವಡಿಯ ಕಂಪನಿಯೊಂದರಲ್ಲಿದ್ದೇನೆ. ನಮ್ಮ ಮೇಲಧಿಕಾರಿ ಕೆಟ್ಟ ಸುದ್ದಿ ತಂದವರ ಮೇಲೆ ಹರಿಹಾಯುತ್ತಾರೆ. ಪ್ರಾಜೆಕ್ಟು ಗಡುವಿಗೆ ಮುಗಿಯದೆಂದು ಎಲ್ಲರಿಗೂ ಗೊತ್ತು. ಧೈರ್ಯವಾಗಿ ಹೇಳಿಬಿಡಲೇ? (ಪುಣೆ)

ಧೈರ್ಯದ ಉಪದೇಶ ಮಾಡುವವರು ನಿಮ್ಮ ಮನೆಸಾಲದ ಕಂತು ಕಟ್ಟುವುದಿಲ್ಲ, ಆದ್ದರಿಂದ ನಾನು ಆ ಉಪದೇಶ ಮಾಡುವುದಿಲ್ಲ. ಹೇಳಿ, ಆದರೆ ಮೀಟಿಂಗಿನಲ್ಲಿ ಬೇಡ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಒಬ್ಬರೇ ಇರುವಾಗ, ಯಾವ ಭಾಗ ಎಷ್ಟು ದಿನ ತಡವಾಗುತ್ತದೆ, ಯಾವುದನ್ನು ಕೈಬಿಟ್ಟರೆ ಉಳಿದದ್ದು ಗಡುವಿಗೆ ಸಿಗುತ್ತದೆ ಎಂಬ ಎರಡು ಸಂಗತಿಗಳನ್ನು ಮಾತ್ರ ಹೇಳಿ, ಅಂದೇ ಸಂಜೆ ಅದನ್ನು ನಾಲ್ಕು ಸಾಲಿನ ಇಮೇಲ್ ಆಗಿ ಕಳುಹಿಸಿ. ‘ನಾನು ಆಗಲೇ ಹೇಳಿದ್ದೆ’ ಎಂಬ ಧ್ವನಿ ಅದರಲ್ಲಿ ಇಣುಕದಿರಲಿ. ಎರಡನೆಯ ಬಾರಿಯೂ ಅವರು ಹರಿಹಾಯ್ದರೆ ಅವರನ್ನು ತಿದ್ದುವುದು ನಿಮ್ಮ ಕೆಲಸವಲ್ಲ. ನೋಟಿಸ್ ಅವಧಿ ಎಷ್ಟು ತಿಂಗಳದ್ದೆಂದು ನೇಮಕಾತಿ ಪತ್ರ ತೆಗೆದು ನೋಡಿ, ಬೇರೆ ಕಡೆಯಿಂದ ಲಿಖಿತ ಆಫರ್ ಕೈಸೇರುವವರೆಗೆ ರಾಜೀನಾಮೆಯ ಸುದ್ದಿಯನ್ನು ಪಕ್ಕದ ಮೇಜಿನವರಿಗೂ ಹೇಳಬೇಡಿ.