ಪಗಾರ ಶುರುವಾಯ್ತು ಅಂದರೆ ಮೊದಲು ಕಾಯಬೇಕಾದ್ದು ನಿಮ್ಮ ಸಹಿ

ನೀವು ಜಮಖಂಡಿ ಕಡೆಯವರು, ಬಿ.ಇ. ಮುಗಿಸಿ ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕೆ ಸೇರಿದ್ದೀರಿ, ಪಗಾರ 20,000, ತಲೆ ಮೇಲೆ 3 ಲಕ್ಷದ ಶಿಕ್ಷಣ ಸಾಲ. ಅಪ್ಪ ಊರ ಸಹಕಾರಿ ಸಂಘದಲ್ಲಿ ಠೇವಣಿ ಇಡು ಅಂತಾರೆ, ರೂಮಿನ ಗೆಳೆಯ ಎಸ್‌ಐಪಿ (ತಿಂಗಳಿಗಿಷ್ಟು ಅಂತ ಮ್ಯೂಚುವಲ್ ಫಂಡಿಗೆ ಹಾಕೋದು) ಮಾಡು ಅಂತಾನೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ಉದ್ಯಮಬಾಗದವನೇ. ಕಾರ್ಖಾನೆಯೊಂದರಲ್ಲಿ ಹುಡುಗರ ಪಗಾರದ ಲೆಕ್ಕ ಮಾಡೋದು ನನ್ನ ಕೆಲಸ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗಬಹುದು.

ಠೇವಣಿ, ಎಸ್‌ಐಪಿ ಎಲ್ಲ ಆಮೇಲೆ. ಮೊದಲು, ಯಾರ ಸಾಲಕ್ಕೂ ಜಾಮೀನು ನಿಲ್ಲಬೇಡಿ.

ನಮ್ಮ ಕಡೆ ಮನೆಯಲ್ಲಿ ಒಬ್ಬನಿಗೆ ಪಗಾರದ ನೌಕರಿ ಸಿಕ್ಕರೆ ಸುದ್ದಿ ನೀವು ಊರಿಗೆ ಹೋಗೋ ಮುಂಚೆಯೇ ಹೋಗಿರುತ್ತದೆ. ಸಂಘದ ಸಾಲದ ಅರ್ಜಿಯಲ್ಲಿ ಜಾಮೀನುದಾರರ ಜಾಗ ಖಾಲಿ ಇರುತ್ತದೆ, ಅಲ್ಲಿ ಪಗಾರ ಚೀಟಿ ಇರುವವನ ಹೆಸರು ಬಿದ್ದರೆ ಸಾಲ ಬೇಗ ಆಗುತ್ತದೆ. ಅದಕ್ಕೇ ಹಬ್ಬಕ್ಕೆ ಹೋದಾಗ ಮಾಮಾನೋ ಕಾಕಾನೋ ಚಹಾ ಕುಡಿಸಿ, 'ಬರೇ ಒಂದು ಸಹಿ ತಮ್ಮಾ, ರೊಕ್ಕ ನಾನಾ ಕಟ್ತೀನಿ' ಅಂತಾರೆ. ಅವರ ಮನಸ್ಸಿನಲ್ಲಿ ಮೋಸ ಇರೋದಿಲ್ಲ, ಕಬ್ಬಿನ ಬಿಲ್ಲು ಬಂದ ಕೂಡಲೇ ಕಟ್ಟಬೇಕು ಅಂತಲೇ ಇರುತ್ತದೆ. ಆದರೆ ಬಿಲ್ಲು ತಡ ಆಗುತ್ತೆ, ಮಗಳ ಮದುವೆ ಬರುತ್ತೆ, ಕಂತು ನಿಲ್ಲುತ್ತೆ. ಆಮೇಲೆ ಕಾಗದ ಬರೋದು ನನ್ನ ಟೇಬಲ್‌ಗೆ: ಇಂಥ ನೌಕರನ ಪಗಾರದಿಂದ ಪ್ರತಿ ತಿಂಗಳು ಇಷ್ಟು ಕಡಿದು ಕಳಿಸಿ ಅಂತ. ಅದನ್ನು ಹುಡುಗನ ಕೈಗೆ ಕೊಟ್ಟಾಗ ಅವನ ಮುಖ ನೋಡೋಕಾಗಲ್ಲ.

ಜಾಮೀನು ಅಂದರೆ ಸಾಕ್ಷಿ ಸಹಿ ಅಲ್ಲ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ 1872ರ ಕರಾರು ಕಾಯ್ದೆ ಪ್ರಕಾರ ಸಾಲ ತಗೊಂಡವನಷ್ಟೇ ಹೊಣೆ ನಿಮಗೂ ಇರುತ್ತದೆ. 'ಮೊದಲು ಅವರನ್ನು ಹಿಡೀರಿ, ಆಮೇಲೆ ನನ್ನ ಹತ್ತಿರ ಬನ್ನಿ' ಅನ್ನೋ ಹಾಗಿಲ್ಲ. ಬ್ಯಾಂಕಿನ ಸಾಲ ಆದರೆ ನಿಮ್ಮ ಸಿಬಿಲ್ ವರದಿಯಲ್ಲೂ (ನಿಮ್ಮ ಸಾಲಗಳ ದಾಖಲೆ) ಕಾಣಬಹುದು. ಇಲ್ಲ ಅನ್ನೋಕೆ ಕಷ್ಟ ಆದರೆ ಕಂಪನಿಯ ಮೇಲೆ ಹಾಕಿ: 'ಲೆಕ್ಕದವನು ಪಗಾರದ ಪತ್ರ ಕೊಡವಲ್ಲ ಮಾಮಾ, ಬಲು ಕೆಟ್ಟ ಮನುಷ್ಯ.' ನಮ್ಮ ಹುಡುಗರು ಎಷ್ಟೋ ಸಲ ಹೀಗೆ ಹೇಳಿ ಪಾರಾಗಿದ್ದಾರೆ, ನನಗೇನೂ ಬೇಜಾರಿಲ್ಲ. ನಿಜವಾಗಿ ಕಷ್ಟದಲ್ಲಿ ಇದ್ದವರಾದರೆ ವಾಪಸ್ ಬರದಿದ್ದರೂ ಪರವಾಗಿಲ್ಲ ಅನ್ನುವಷ್ಟು ರೊಕ್ಕ ಕೈಗೆ ಕೊಡಿ. ಸಹಿ ಬೇಡ.

ಇನ್ನು ಅಪ್ಪ ಹೇಳುವ ಠೇವಣಿ. ಊರಲ್ಲಿ ಎಲ್ಲದಕ್ಕೂ ಬ್ಯಾಂಕು ಅಂತಲೇ ಅಂತಾರೆ, ಬೋರ್ಡು ಓದಿ. ರಿಸರ್ವ್ ಬ್ಯಾಂಕ್ ಪರವಾನಗಿ ಇರುವ ಸಹಕಾರಿ ಬ್ಯಾಂಕ್ ಆದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ, 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಆ ಪರವಾನಗಿ ಇಲ್ಲದ ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಚೆನ್ನಾಗಿ ನಡೆಯುವ ಸಂಘಗಳೂ ಬೇಕಾದಷ್ಟಿವೆ, ಅಪ್ಪನ ಜೊತೆ ವಾದ ಬೇಡ. ಆದರೆ ಒಂದೆರಡು ಪರ್ಸೆಂಟ್ ಜಾಸ್ತಿ ಬಡ್ಡಿ ಅಂತ ಕೈಯಲ್ಲಿರೋದನ್ನೆಲ್ಲ ಅಲ್ಲಿ ಹಾಕಬೇಡಿ. ಪಿಗ್ಮಿಯೂ (ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ) ಅಷ್ಟೇ. ದಿನಾ ಅಂಗಡಿ ಬಾಗಿಲು ತೆಗೆಯುವವರಿಗೆ ಅದು ಸರಿ. ತಿಂಗಳಿಗೊಮ್ಮೆ ಪಗಾರ ತಗೊಳ್ಳೋ ನಿಮಗೆ ಬ್ಯಾಂಕಿನ ಆರ್‌ಡಿ, ಅಂದರೆ ತಿಂಗಳಿಗಿಷ್ಟು ಅಂತ ಕಟ್ಟುವ ಠೇವಣಿ, ಸಾಕು.

ಈಗ ಪಗಾರ ಚೀಟಿ ತೆಗೆದು ನೋಡಿ. 20,000ದಲ್ಲಿ ಮೂಲ ವೇತನ 15,000 ಇದೆ ಅಂದುಕೊಳ್ಳಿ. ಪಿಎಫ್ (ಭವಿಷ್ಯ ನಿಧಿ) 12 ಪರ್ಸೆಂಟ್ ಅಂದರೆ 1,800, ಇಎಸ್‌ಐ (ನೌಕರರ ಆರೋಗ್ಯ ವಿಮೆ) 150, ಕೈಗೆ ಬರೋದು 18,050. ಪಿಎಫ್ ಕಡಿತ ಅಂತ ಬೈಕೋಬೇಡಿ, ಕಂಪನಿಯೂ 1,800 ಹಾಕುತ್ತದೆ, ಅದರಲ್ಲಿ ಸುಮಾರು 1,250 ಪಿಂಚಣಿಗೆ ಹೋಗಿ ಉಳಿದದ್ದು ನಿಮ್ಮ ಖಾತೆಗೆ ಸೇರುತ್ತದೆ. ಕೆಲಸ ಬಿಟ್ಟರೆ ಆ ದುಡ್ಡು ತೆಗೆದು ಮೊಬೈಲ್ ತಗೊಳ್ಳೋ ಬದಲು ಅದೇ ಯುಎಎನ್ (ನಿಮ್ಮ ಪಿಎಫ್ ನಂಬರು) ಮೇಲೆ ಹೊಸ ಕಂಪನಿಗೆ ವರ್ಗ ಮಾಡಿಸಿ. ಇಎಸ್‌ಐ ಕಾರ್ಡ್ ಮಾಡಿಸೋದಂತೂ ಮರೀಬೇಡಿ, ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮನ ಚಿಕಿತ್ಸೆಗೂ ಬರುತ್ತದೆ. ಎಷ್ಟೋ ಹುಡುಗರ ಕಾರ್ಡಿನಲ್ಲಿ ಮನೆಯವರ ಹೆಸರೇ ಸೇರಿಸಿರೋದಿಲ್ಲ.

ಸಾಲಕ್ಕೆ ಬನ್ನಿ. 3 ಲಕ್ಷಕ್ಕೆ 10 ಪರ್ಸೆಂಟ್ ಬಡ್ಡಿ, 7 ವರ್ಷ ಅಂದರೆ ಕಂತು ಹತ್ತಿರಹತ್ತಿರ 5,000 ಆಗುತ್ತದೆ, ಕೊನೆಗೆ ಬಡ್ಡಿಯೇ 1 ಲಕ್ಷ 18 ಸಾವಿರ. ರೂಮು, ಖಾನಾವಳಿ, ಮನೆಗೆ ಕಳಿಸೋದು, ಊರಿಗೆ ಹೋಗುವ ಬಸ್ಸು ಎಲ್ಲ ಕಳೆದು ಎರಡು ಮೂರು ಸಾವಿರ ಉಳಿದರೆ ದೊಡ್ಡದು. ಅದನ್ನು ಮೊದಲು ಮೂರು ತಿಂಗಳ ಖರ್ಚು ಕೂಡುವವರೆಗೆ ಆರ್‌ಡಿಗೆ ಹಾಕಿ, ಯಾಕಂದ್ರೆ ಆರ್ಡರ್ ಕಡಿಮೆ ಆದರೆ ಇಲ್ಲಿ ಮೊದಲು ಮನೆಗೆ ಕಳಿಸೋದು ಹೊಸಬರನ್ನೇ. ಆಮೇಲೆ ಉಳಿದದ್ದು, ಬೋನಸ್ ಬಂದರೆ ಅದೂ ಸಾಲಕ್ಕೆ. ಎಸ್‌ಐಪಿ ಕೆಟ್ಟದ್ದಲ್ಲ, ಆದರೆ 10 ಪರ್ಸೆಂಟ್ ಸಾಲ ಇಟ್ಟುಕೊಂಡು 12 ಬರಬಹುದು ಅಂತ ಷೇರಿಗೆ ಹಾಕೋದರಲ್ಲಿ ನನಗೆ ಅರ್ಥ ಕಾಣೋದಿಲ್ಲ. ರುಚಿ ನೋಡಬೇಕು ಅಂದರೆ 500 ಹಾಕಿ, ಸಾಕು. ಕ್ರೆಡಿಟ್ ಕಾರ್ಡ್, ಮೊಬೈಲ್ ಆಪ್ ಸಾಲ ಎರಡೂ ಸದ್ಯಕ್ಕೆ ಬೇಡ.

ಒಂದು ಮಾತು ನೀವು ಬರೆದಿಲ್ಲ: ಆ 3 ಲಕ್ಷ ನೀವು ತೆಗೆದುಕೊಂಡ ಮೊತ್ತವಾ, ಈಗಿನ ಬಾಕಿಯಾ? ಓದುವ ಕಾಲದಲ್ಲಿ ಕಂತು ಇರಲಿಲ್ಲ ಅಷ್ಟೇ, ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಶನಿವಾರ ಊರಿಗೆ ಹೋದಾಗ, ಎರಡನೇ ನಾಲ್ಕನೇ ಶನಿವಾರ ಬಿಟ್ಟು, ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತಗೊಳ್ಳಿ. ಬಾಕಿ, ಬಡ್ಡಿ ದರ, ಕಂತು ಶುರುವಾಗುವ ತಿಂಗಳು ಕೆಳಗೆ ಬರೆಯಿರಿ, ತಿಂಗಳ ಲೆಕ್ಕ ಹಾಕಿ ಕೊಡ್ತೀನಿ.