ಲೊಂಬೊಕ್ ಹಳ್ಳಿ ಜಾಗ: ಹೆಂಡತಿ ಹೆಸರಿಗೆ ಬರೆಯೋಕೆ ನೋಟರಿ ಯಾಕೆ ಒಪ್ತಿಲ್ಲ

ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಹಳ್ಳೀಲಿ ಹೆಂಡತಿ ಹೆಸರಿಗೆ ಜಾಗ ಕೊಳ್ಳೋಕೆ ನೋಟರಿ ಒಪ್ತಿಲ್ಲ, ಜಾಗಕ್ಕೆ ಹಳ್ಳಿ ಮುಖ್ಯಸ್ಥರ ಸೀಲಿನ ಹಾಳೆ ಅಷ್ಟೇ ಇದೆ, ಬಾಮೈದನ ಹೆಸರಲ್ಲಿಡ್ಲಾ ಅಂತ ಕೇಳಿದ್ರಿ. ಬಹುಶಃ ನಿಮ್ಮ ಮದುವೆಗೆ ಆಸ್ತಿ ಬೇರೆ ಮಾಡ್ಕೊಳ್ಳೋ ಒಪ್ಪಂದ ಇಲ್ಲ, ಅದಕ್ಕೇ ನಿಮ್ಮ ಮನೆಯವರು ಲೊಂಬೊಕ್‌ನವರೇ ಆಗಿದ್ರೂ ನೋಟರಿ ಹಿಂದೆಮುಂದೆ ನೋಡ್ತಿರೋದು. ಅಲ್ಲಿನ 1974ರ ಮದುವೆ ಕಾನೂನಲ್ಲಿ ಮದುವೆ ಆದ್ಮೇಲೆ ಕೊಂಡಿದ್ದು ಇಬ್ಬರದೂ ಅಂತ ಲೆಕ್ಕ, 1960ರ ಭೂ ಕಾನೂನಲ್ಲಿ 'ಹಕ್ ಮಿಲಿಕ್' ಅಂದ್ರೆ ಪೂರ್ತಿ ಒಡೆತನ ವಿದೇಶಿಯವರಿಗೆ ಇಲ್ಲ, ನೀವು ಪಾಲುದಾರ ಆಗ್ಬಿಡ್ತೀರಲ್ಲ, ಅದೇ ತಕರಾರು.

ಮೊದಲು ನೋಟರಿ ಹತ್ರನೇ ಆ ಒಪ್ಪಂದ ಮಾಡಿಸಿ. ಮದುವೆ ಆದ್ಮೇಲೂ ಮಾಡಿಸ್ಬಹುದು ಅಂತ ಅಲ್ಲಿನ ಸಂವಿಧಾನ ಕೋರ್ಟಿನ 2015ರ ಕೇಸಲ್ಲಿ ತೀರ್ಪಿದೆ. ಆಮೇಲೆ ಮದುವೆ ರಿಜಿಸ್ಟರ್ ಆದ ಆಫೀಸಲ್ಲಿ, ಮುಸ್ಲಿಂ ಮದುವೆಯಾದ್ರೆ ಕೆಯುಎ ಅನ್ನೋ ಧಾರ್ಮಿಕ ವ್ಯವಹಾರಗಳ ಆಫೀಸು, ಇಲ್ಲಾಂದ್ರೆ ಸಿವಿಲ್ ರಿಜಿಸ್ಟ್ರಿ, ಅದನ್ನ ದಾಖಲು ಮಾಡಿಸಿ, ಮರೀಬೇಡಿ.

ಆಮೇಲೆ ಜಾಗದ ಕಾಗದ. ಹಳ್ಳಿ ಮುಖ್ಯಸ್ಥರ ಸೀಲ್ ಇರೋ ಒಂದು ಹಾಳೆ ಇದೆ ಅಂದ್ರಲ್ಲ, ಅದು ಒಡೆತನದ ಸರ್ಟಿಫಿಕೇಟ್ ಅಲ್ಲ, ನಮ್ಮೂರಲ್ಲಿ ಕಂದಾಯದ ರಸೀದಿ ಹಿಡ್ಕೊಂಡು ಜಾಗ ನಂದು ಅಂದ ಹಾಗೆ. ಮಾರೋರ ಹೆಸರಿಗೇ ಮೊದಲು ಸರ್ಟಿಫಿಕೇಟ್ ಮಾಡಿಸೋಕೆ ಹೇಳಿ. ಅಳತೆ ದಿನ ಅಕ್ಕಪಕ್ಕದವರು ನಿಂತು ಗಡಿ ಒಪ್ಪಿ ಸಹಿ ಹಾಕ್ಬೇಕು, ನಮ್ಮದ್ರಲ್ಲಿ ಗಡಿಯಲ್ಲಿದ್ದ ಒಂದು ತೆಂಗಿನಮರ ಯಾರದು ಅನ್ನೋದಕ್ಕೇ ಅರ್ಧ ದಿನ ಹೋಯ್ತು. ಎಷ್ಟು ತಿಂಗಳು ಹಿಡಿಯುತ್ತೆ ಅಂತ ಖಡಾಖಂಡಿತ ಹೇಳಕ್ಕಾಗಲ್ಲ, ಒಂದೊಂದು ಆಫೀಸ್ ಒಂದೊಂದು ಥರ.

ಬಾಮೈದನ ಹೆಸರಲ್ಲಿಟ್ಟು ಒಳಗೊಳಗೇ ನಿಮ್ಮ ಜೊತೆ ಅಗ್ರಿಮೆಂಟ್ ಮಾಡ್ಕೊಳ್ಳೋ ಐಡಿಯಾ ಬಿಟ್ಬಿಡಿ, ಅದು ಕಾನೂನಲ್ಲಿ ಊರ್ಜಿತ ಅಲ್ಲ, ಜಾಗ ಸರ್ಕಾರಕ್ಕೆ ಹೋಗ್ಬಹುದು. ಸರ್ಟಿಫಿಕೇಟನ್ನ ಭೂದಾಖಲೆ ಆಫೀಸಲ್ಲಿ ಚೆಕ್ ಮಾಡಿಸೋವರೆಗೂ ಅಡ್ವಾನ್ಸ್ ಕೊಡ್ಬೇಡಿ.