ಬ್ಲೂಸ್ ಅಂದರೆ ಅಳುವ ಹಾಡು ಅಲ್ವಾ, ಅದಕ್ಕೆ ಜನ ಕುಣಿಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ಕಪ್ಪು ಜನರ ಬ್ಲೂಸ್ ದುಃಖದ ಸಂಗೀತ ಅಂತ ಕೇಳಿದ್ದೀರಿ, ಆದರೆ ಅದನ್ನಿಟ್ಟುಕೊಂಡು ಜನ ಇಡೀ ದಿನ ಪಾರ್ಟಿ ಮಾಡುತ್ತಾರೆ, ಕುಣಿಯುತ್ತಾರೆ ಅಂತಾರಲ್ಲ, ಖುದ್ದು ನೋಡಿದವರು ಯಾರಾದರೂ ಇದ್ದೀರಾ?

ನೋಡಿದ್ದೇನೆ. ಕುಣಿದೂ ಇದ್ದೇನೆ, ಕೆಟ್ಟದಾಗಿ.

ನಾನಿರುವುದು ಶಿಕಾಗೋ ಪಕ್ಕದ ಅರೋರಾದಲ್ಲಿ. ಬಂದ ಹೊಸದರಲ್ಲಿ ನನಗೂ ನಿಮ್ಮ ಹಾಗೇ ಅನ್ನಿಸಿತ್ತು. ಒಮ್ಮೆ ಕಾರಿನಲ್ಲಿ ಬ್ಲೂಸ್ ಹಾಕಿದಾಗ ಹೆಂಡತಿ, "ಯಾರು ಹೋದರು?" ಅಂತ ಕೇಳಿದ್ದಳು. ಆಮೇಲೆ ಒಂದು ಜೂನ್ ಶನಿವಾರ ಬಂತು. ಆ ದಿನದ ಕಥೆಯನ್ನೇ ಹೇಳುತ್ತೇನೆ.

ಜೂನ್ ಬಂದರೆ ಇಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳ ಗ್ರಾಜುಯೇಷನ್ ಪಾರ್ಟಿಗಳ ಸೀಸನ್. ಮನೆ ಹಿತ್ತಲಲ್ಲಿ ಶಾಮಿಯಾನ, ಸಾಲಾಗಿ ಅಲ್ಯೂಮಿನಿಯಂ ಟ್ರೇ, ಯಾವಾಗ ಬೇಕಾದರೂ ಬಂದು ಉಂಡು ಹೋಗಬಹುದು. ನಮ್ಮದು ಆಫೀಸಿನ ಗೆಳೆಯನ ಮಗಳ ಪಾರ್ಟಿ, ಶಿಕಾಗೋದ ಸೌತ್ ಸೈಡ್‌ನಲ್ಲಿ. ಹೆಂಡತಿ ಒಂದು ಟ್ರೇ ಚಿತ್ರಾನ್ನ ಮಾಡಿದ್ದಳು. ಒಬ್ಬರು ಅದರ ಮೇಲೆ ಧಾರಾಳವಾಗಿ ಬಾರ್ಬೆಕ್ಯೂ ಸಾಸ್ ಸುರಿದುಕೊಂಡರು. ನಾನೂ ಸ್ವಲ್ಪ ಹಾಕಿಕೊಂಡು ನೋಡಿದೆ, ಪರವಾಗಿಲ್ಲ. ಅವಳು ಮಾತ್ರ ಸೊಪ್ಪಿನ ಪಲ್ಯ ಕಂಡು ಖುಷಿಯಾಗಿ ಬಡಿಸಿಕೊಂಡಳು. ಅದನ್ನು ಹೊಗೆ ಹಾಕಿದ ಟರ್ಕಿ ಮಾಂಸದ ಜೊತೆ ಬೇಯಿಸಿದ್ದರು ಅಂತ ಗೊತ್ತಾಗಿದ್ದು ಎರಡನೇ ತುತ್ತಿಗೆ. ನೀವು ಸಸ್ಯಾಹಾರಿ ಆದರೆ ಮೊದಲೇ ಕೇಳಿ.

ಊಟ ಆದ ಮೇಲೆ ಹಾಡು ಜೋರಾಯಿತು. ಎಲ್ಲರೂ ಸಾಲಾಗಿ ನಿಂತು ಎಲೆಕ್ಟ್ರಿಕ್ ಸ್ಲೈಡ್ ಅನ್ನುವ ಕುಣಿತ ಶುರು ಮಾಡಿದರು. ಬಲಕ್ಕೆ, ಎಡಕ್ಕೆ, ಹಿಂದಕ್ಕೆ, ಆಮೇಲೆ ಕಾಲು ಭಾಗ ತಿರುಗಿ ಮತ್ತೆ ಮೊದಲಿನಿಂದ. ಆರು ವರ್ಷದ ಹುಡುಗನಿಂದ ಎಪ್ಪತ್ತು ದಾಟಿದ ಅಜ್ಜಿಯವರೆಗೆ ಎಲ್ಲರಿಗೂ ಬರುತ್ತದೆ. ನಾನು ಸುಮ್ನೆ ಐಸ್ ಪೆಟ್ಟಿಗೆ ಪಕ್ಕ ನಿಂತಿದ್ದೆ. ಗೆಳೆಯನ ದೊಡ್ಡಮ್ಮ ಬಂದು ಕೈ ಹಿಡಿದು ಸಾಲಿಗೆ ಎಳೆದರು. ಎಲ್ಲರೂ ತಿರುಗಿದಾಗ ನಾನೊಬ್ಬ ತಿರುಗಲಿಲ್ಲ. ಇಡೀ ಸಾಲು ನನ್ನ ಮುಖ ನೋಡುತ್ತಿತ್ತು.

ಸಂಜೆ ಅದೇ ಗುಂಪು, ದೊಡ್ಡಮ್ಮನೂ ಸೇರಿ, ಮಿಲೇನಿಯಂ ಪಾರ್ಕಿಗೆ ಹೊರಟಿತು. ಶಿಕಾಗೋ ಬ್ಲೂಸ್ ಫೆಸ್ಟಿವಲ್ ನಡೆಯುತ್ತಿತ್ತು. ಇದು ಶುರುವಾಗಿದ್ದು 1984ರಲ್ಲಿ, ಶಿಕಾಗೋ ಬ್ಲೂಸ್‌ನ ದೊಡ್ಡ ಹಾಡುಗಾರ ಮಡ್ಡಿ ವಾಟರ್ಸ್ ತೀರಿಕೊಂಡ ಮರುವರ್ಷ. ಮೊದಲು ಗ್ರಾಂಟ್ ಪಾರ್ಕಿನಲ್ಲಿತ್ತು, 2017ರಿಂದ ಇಲ್ಲಿದೆ. ಟಿಕೆಟ್ ಇಲ್ಲ, ಪೂರ್ತಿ ಉಚಿತ. ಮುಖ್ಯ ವೇದಿಕೆ ಮುಂದೆ ಸುಮಾರು ನಾಲ್ಕು ಸಾವಿರ ಕುರ್ಚಿ, ಅದರ ಹಿಂದೆ ದೊಡ್ಡ ಹುಲ್ಲುಹಾಸು. ಹುಲ್ಲಿನ ಮೇಲೆ ಅಡ್ಡಡ್ಡ ಹಾಯಿಸಿದ ಉಕ್ಕಿನ ಕೊಳವೆಗಳಿಂದ ಸ್ಪೀಕರ್ ಇಳಿಬಿಟ್ಟಿದ್ದಾರೆ. ಹಾಗಾಗಿ ಹಿಂದೆ ಕೂತವರಿಗೂ ಪಕ್ಕದಲ್ಲೇ ಹಾಡಿದಂತೆ ಕೇಳುತ್ತದೆ. ನಾವು ಜಮಖಾನ ಹಾಸಿಕೊಂಡೆವು.

ಬ್ಯಾಂಡ್ ಶುರುವಾಯಿತು. ನಾನು ಹುರುಪಿನಿಂದ ಚಪ್ಪಾಳೆ ತಟ್ಟತೊಡಗಿದೆ. ದೊಡ್ಡಮ್ಮ ಎರಡು ನಿಮಿಷ ಸಹಿಸಿಕೊಂಡರು. ಆಮೇಲೆ "ನೋ ಬೇಬಿ" ಅಂತ ನನ್ನ ಎರಡೂ ಮಣಿಕಟ್ಟು ಹಿಡಿದರು. ಒಂದು ಅಂದಾಗ ಕೈ ಬಿಡಿಸಿ ಹಿಡಿದರು, ಎರಡು ಅಂದಾಗ ಕೂಡಿಸಿದರು. ಮೂರಕ್ಕೆ ಬಿಡಿಸಿದರು, ನಾಲ್ಕಕ್ಕೆ ಕೂಡಿಸಿದರು. ನಾವು ಭಜನೆಯಲ್ಲಿ ತಾಳ ಹಾಕಿ ಬೆಳೆದವರು, ಕೈ ತಾನಾಗಿ ಒಂದರ ಮೇಲೆ ಬೀಳುತ್ತದೆ. ಇವರದ್ದು ಎರಡು, ನಾಲ್ಕರ ಮೇಲೆ. ಒಂದಕ್ಕೆ ತಟ್ಟಿದರೆ ಹಾಡು ನೆಲಕ್ಕೆ ಕೂರುತ್ತದೆ, ಎರಡಕ್ಕೆ ತಟ್ಟಿದರೆ ಎದ್ದು ನಿಲ್ಲುತ್ತದೆ. ಹತ್ತು ನಿಮಿಷಕ್ಕೆ ಕೈಗೆ ಹತ್ತಿತು, ಹತ್ತಿದ ಕೂಡಲೇ ಸೊಂಟವೂ ಅಲ್ಲಾಡಿತು. ನಿಮ್ಮ "ಹೇಗೆ" ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದೇ. (ಮುಂದಿನ ವಾರ ಒಬ್ಬರ ಮನೆ ಭಜನೆಯಲ್ಲಿ ಹಾಗೇ ತಟ್ಟಿ ಹೆಂಡತಿಯಿಂದ ತೊಡೆ ಚಿವುಟಿಸಿಕೊಂಡೆ.)

ಲಯದ ಇನ್ನೊಂದು ಗುಟ್ಟಿದೆ. ಚಿಕ್ಕಂದಿನಲ್ಲಿ ಎರಡು ವರ್ಷ ಮೃದಂಗ ಕಲಿತಿದ್ದೆ, ಅದು ಇಲ್ಲಿ ಉಪಯೋಗಕ್ಕೆ ಬಂತು. ತಕಿಟ ತಕಿಟ ಅಂತ ಹೇಳಿ. ಈಗ ಮಧ್ಯದ "ಕಿ" ನುಂಗಿ, ಅದರ ಜಾಗ ಮಾತ್ರ ಖಾಲಿ ಬಿಡಿ. ತ-ಟ, ತ-ಟ, ತ-ಟ. ಇದನ್ನೇ ಶಫಲ್ ಅಂತಾರೆ, ಶಿಕಾಗೋ ಬ್ಲೂಸ್‌ನ ನಡಿಗೆ ಬಹಳ ಮಟ್ಟಿಗೆ ಇದರ ಮೇಲೇ. ಇದಕ್ಕೆ ಸುಮ್ಮನೆ ಕೂರುವುದು ಕಷ್ಟ.

ಹಾಡಿನ ಕಟ್ಟೂ ಹಾಗೇ. ಒಂದು ಸಾಲು ಹೇಳುತ್ತಾರೆ, ಅದನ್ನೇ ಮತ್ತೆ ಹೇಳುತ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೊಂದು ಉತ್ತರ. ಪ್ರತಿ ಸಾಲಿಗೆ ನಾಲ್ಕರಂತೆ ಒಟ್ಟು 12 ಬಾರ್, ಅಂದರೆ ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸುವ 12 ಸುತ್ತು. ಹಾಡುಗಾರ ಅರ್ಧಕ್ಕೆ ಬಾಯಿ ಮುಚ್ಚಿದರೆ ಉಳಿದರ್ಧ ಗಿಟಾರೋ ಮೌತ್ ಆರ್ಗನ್ನೋ ಮಾತಾಡುತ್ತದೆ. ನಮ್ಮ ಸೋಬಾನೆಯಲ್ಲಿ ಒಬ್ಬರು ಅಂದಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರಲ್ಲ, ಆ ಜಾತಿಯದೇ ಸುಖ. ಮಾತಿನಲ್ಲಿ ಸಾಲ, ಕೆಲಸ ಹೋದದ್ದು, ಬಿಟ್ಟುಹೋದ ಹೆಂಡತಿ ಎಲ್ಲ ಇರುತ್ತದೆ. ಮೂರನೇ ಸಾಲಿಗೆ ಜನ ಹೋ ಅಂತ ನಗುತ್ತಾರೆ.

ಮಧ್ಯೆ ದೊಡ್ಡಮ್ಮ ತಮ್ಮ ತಂದೆಯ ವಿಷಯ ಹೇಳಿದರು. ಮಿಸಿಸಿಪಿಯ ಹತ್ತಿ ಹೊಲ ಬಿಟ್ಟು ರೈಲು ಹತ್ತಿ ಬಂದವರಂತೆ. ಹಾಗೆ ದಕ್ಷಿಣ ಬಿಟ್ಟು ಉತ್ತರದ ಊರುಗಳಿಗೆ ಬಂದ ಕಪ್ಪು ಜನ ಲಕ್ಷಗಟ್ಟಲೆ. ಮಡ್ಡಿ ವಾಟರ್ಸ್ ಕೂಡ 1943ರಲ್ಲಿ ಅಲ್ಲಿಂದಲೇ ಬಂದಿದ್ದು. ಹಳ್ಳಿಯಲ್ಲಿ ಬರೀ ಗಿಟಾರ್ ಸಾಕಾಗುತ್ತಿತ್ತು. ಶಿಕಾಗೋ ಬಾರುಗಳ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ಕರೆಂಟಿನ ಗಿಟಾರ್ ಬಂತು, ಮೌತ್ ಆರ್ಗನ್‌ಗೂ ಮೈಕ್ ಹಿಡಿದರು. ವಾರವಿಡೀ ಕಾರ್ಖಾನೆಯಲ್ಲಿ, ಕಸಾಯಿಖಾನೆಯಲ್ಲಿ ದುಡಿದವರು ಶನಿವಾರ ರಾತ್ರಿ ಕುಣಿಯಲು ಬರುತ್ತಿದ್ದರು. "ನಮ್ಮಪ್ಪ ಅಳುವುದಕ್ಕೆ ಕಾಸು ಕೊಟ್ಟು ಹೋಗುತ್ತಿರಲಿಲ್ಲ" ಅಂದರು.

ಕತ್ತಲಾದ ಮೇಲೆ ದೊಡ್ಡಮ್ಮ ಮನೆಗೆ ಹೋದರು. ನಾವು ನಾಲ್ಕು ಜನ ರೆಡ್ ಲೈನ್ ರೈಲು ಹಿಡಿದು ಫುಲರ್ಟನ್‌ನಲ್ಲಿ ಇಳಿದು ಕಿಂಗ್‌ಸ್ಟನ್ ಮೈನ್ಸ್‌ಗೆ ಹೋದೆವು. 1968ರಿಂದ ಇರುವ ಕ್ಲಬ್. ಒಳಗೆ ಎರಡು ವೇದಿಕೆ, ಎರಡು ಬ್ಯಾಂಡ್. ಒಂದು ನಿಲ್ಲಿಸಿದರೆ ಇನ್ನೊಂದು ಶುರು, ಜನ ಗ್ಲಾಸ್ ಹಿಡಿದುಕೊಂಡು ಈ ಕೋಣೆಯಿಂದ ಆ ಕೋಣೆಗೆ ಓಡುತ್ತಾರೆ. ಕುಣಿಯಲು ಇರುವ ಜಾಗ ನಮ್ಮ ಊಟದ ಮನೆಯಷ್ಟು. ಯಾರದೋ ಮೊಣಕೈ ನಿಮ್ಮ ಪಕ್ಕೆಗೆ, ನಿಮ್ಮ ಕಾಲು ಇನ್ಯಾರದೋ ಬೂಟಿನ ಮೇಲೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಂಡತಿ ನನಗಿಂತ ಚೆನ್ನಾಗಿ ಕುಣಿದಳು, ಅದನ್ನು ಇಲ್ಲಿ ಬರೆಯಲೇಬೇಕು ಅಂತ ಷರತ್ತೂ ಹಾಕಿದ್ದಾಳೆ.

ಅರೋರಾಕ್ಕೆ ಹೋಗುವ ಕೊನೆಯ ಟ್ರೇನ್ ತಪ್ಪಿತು. ಟ್ಯಾಕ್ಸಿಗೆ ಕೊಟ್ಟ ದುಡ್ಡನ್ನು ಮಾತ್ರ ಇಲ್ಲಿ ಹೇಳಲಾರೆ.

ಬರುವ ಮನಸ್ಸಿದ್ದರೆ ಜೂನ್ ಮೊದಲಾರ್ಧದಲ್ಲಿ ಬನ್ನಿ, ಆ ವರ್ಷದ ತಾರೀಖು ನೋಡಿಕೊಂಡು. ಜಮಖಾನ ಇರಲಿ, ಮಳೆಗೆ ಏನಾದರೂ ಇರಲಿ. ಕ್ಲಬ್ಬಿಗೂ ಹೋಗುವುದಾದರೆ ಕಿವಿಗೆ ಹತ್ತಿ. ಅಷ್ಟರೊಳಗೆ ಮನೆಯಲ್ಲೇ ಎರಡು, ನಾಲ್ಕರ ಮೇಲೆ ಚಪ್ಪಾಳೆ ಅಭ್ಯಾಸ ಮಾಡಿಕೊಳ್ಳಿ.